ದರ್ಜಿಯ ಅಳತೆಗೆ ಸಿಕ್ಕ ಮೀನುಗಳು

ನಮ್ಮ ಬೀದಿಯ ದರ್ಜಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿದೇ ಕಣ್ಣು ಸವೆಸಿಕೊಂಡವನು. ಅವನು ಹೊಲಿದ ಚಡ್ಡಿಯಲ್ಲಿ ಮಗುವಿನ ಜೊತೆ ಚಿಕ್ಕಪ್ಪನೂ ಆರಾಮಾಗಿ ತೂರಿಕೊಳ್ಳಬಹುದಿತ್ತು. ಕೇಳಿದರೆ, “ಬೆಳೆಯೋ ಮೈ ಕಣಮ್ಮ, ಬಿಗಿಯಾಗಿ ಹೊಲಿದ್ರೆ ನಾಳೆ ಬೈಯೋಳೂ ನೀನೇ” ಅನ್ನುತ್ತಿದ್ದ.

ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ ಹಿತ್ತಲಲ್ಲಿ ಕೊಳ ತೋಡಿಸಿದ. ಅದು ಅವನ ಹೆಂಡತಿ, ನಾವೆಲ್ಲ ಅತ್ತಿಗೆ ಅನ್ನುತ್ತಿದ್ದವರು, ತರಕಾರಿ ಬೆಳೆಯುತ್ತಿದ್ದ ಜಾಗ. ಅತ್ತಿಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ: “ನಾತ ಬಂತೋ, ಅವತ್ತೇ ಮಣ್ಣು ಹಾಕಿಸ್ತೀನಿ. ಆಮೇಲೆ ಗೋಳಾಡ್ಬೇಡಿ.” ದರ್ಜಿಗೋ, ಹೊತ್ತು ಕಳೆಯಲು ಈ ಕೊಳ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ದೊಡ್ಡ ಬೇಟೆಮೀನುಗಳನ್ನು ತಂದು ಬಿಟ್ಟಾಯಿತು. ಅವುಗಳ ಹೊಟ್ಟೆಪಾಡಿಗೆ ಸಣ್ಣ ಮೀನು ತರಲು ನಾನೂ ದರ್ಜಿಯೂ ಮೀನು ಸಾಕುವವನ ಹತ್ತಿರ ಹೋದೆವು.

“ದರ್ಜಿಯಣ್ಣ, ಬೆರಳುದ್ದದ್ದು ತಗೋ. ಬಾಯಲ್ಲಿ ಹಿಡಿಸ್ಬೇಕಲ್ಲ.”

“ಇವತ್ತಿನ ಬಾಯಿಗೆ ಸರಿಯಪ್ಪ, ಮುಂದಿನ ವರ್ಷಕ್ಕೆ? ಅಂಗೈಯಗಲದ್ದೇ ಕೊಡು. ಬಾಯಿ ಬೆಳೆಯುತ್ತೆ.”

“ಬಿಚ್ಚಿ ಅಗಲ ಮಾಡೋಕೆ ಅದ್ರ ಬಾಯೊಳಗೇನು ಬಟ್ಟೆ ಬಿಟ್ಟು ಹೊಲಿದಿದಾರಾ?”

“ಜೀವಮಾನ ಪೂರ್ತಿ ಅಳತೆ ತೆಗ್ದೋನಿಗೆ ಹೇಳ್ಕೊಡ್ತೀಯಾ? ಹಾಕು, ಹಾಕು.”

ಹಸಿದ ಬೇಟೆಮೀನುಗಳು ಬಾಯಿ ಹಾಕಿದವು. ಅಂಗೈಯಗಲದ ಮೀನುಗಳು ಬೆನ್ನ ಮುಳ್ಳು ಸೆಟೆದು ಗಂಟಲಲ್ಲಿ ಕೂತವು. ನುಂಗಲಾರವು, ಉಗುಳಲಾರವು. ಒಂದರ ಬಾಯಲ್ಲಿ ಇನ್ನೊಂದು ಸಿಕ್ಕಿಕೊಂಡೇ ಸತ್ತು, ಉಬ್ಬಿ, ಮೇಲೆ ತೇಲಿದವು. ನೀರಿನ ಮೇಲೆ ಹಸಿರು ಲೋಳೆ ಕೆನೆಗಟ್ಟಿತು. ಆ ನಾತಕ್ಕೆ ಎದುರುಮನೆ ಗೋಡೆಯ ಸುಣ್ಣ ಸುಲಿದು ಬಿತ್ತು. ನೊಣಗಳೇ ಅಸಹ್ಯಪಟ್ಟುಕೊಂಡು ಪಕ್ಕದ ಬೀದಿಗೆ ಗುಳೆ ಹೋದವು. ನಾನು ಕುಡಿದ ನೀರೂ ಮೀನಿನ ಲೋಳೆಯಂತೆ ಗಂಟಲಲ್ಲಿ ಜಾರುತ್ತಿತ್ತು.

ಅತ್ತಿಗೆ ಮೂಗಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತರು. “ರೀ, ಮಣ್ಣಿಗೆ ಹೇಳಿ ಕಳಿಸಿದೀನಿ.”

“ಸ್ವಲ್ಪ ತಡಿಯೇ. ಉಳಿದಿರೋವು ಚೇತರಿಸ್ಕೊಳ್ತವೆ.”

“ಯಾವುದು ಉಳಿದಿದೆ? ತೋರ್ಸಿ, ನೋಡೋಣ.”

ದರ್ಜಿ ಕೋಲಿನಿಂದ ನೀರು ಕೆದಕಿದ. ಬುಳಬುಳನೆ ಗುಳ್ಳೆಯೆದ್ದು, ಎಲ್ಲಕ್ಕಿಂತ ದೊಡ್ಡ ಮೀನು ಹೊಟ್ಟೆ ಮೇಲಾಗಿ ಬಂತು. ಅದರ ಬಾಯಿಂದ ಹೊರಬಿದ್ದ ಬಾಲ ಇನ್ನೂ ಮಿಡುಕುತ್ತಿತ್ತು. ಒಳಗೆ ಸಿಕ್ಕಿಕೊಂಡ ಮೀನನ್ನಾದರೂ ಉಳಿಸೋಣವೆಂದು ಬಾಲವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ದೊಡ್ಡದರ ಕೊಳೆತ ದವಡೆ ಕಿತ್ತು ಬಂತು, ಹಿಂದೆಯೇ ಕರುಳೂ ಬಂತು. ಬಾಲ ಮಿಡುಕುವುದನ್ನು ನಿಲ್ಲಿಸಿತು. ದರ್ಜಿ ದಡದಲ್ಲೇ ಕೂತು, ಹುಟ್ಟಿದಾಗಿನಿಂದ ಉಂಡದ್ದನ್ನೆಲ್ಲ ಕಾರಿಕೊಂಡ. ಆಮೇಲೆ ಕೈ ತೊಳೆದ, ಮೂಸಿದ, ಮತ್ತೆ ತೊಳೆದ, ಮತ್ತೆ ಮೂಸಿದ.

ಮಣ್ಣಿನ ಗಾಡಿ ಬಂದಾಗ ಹಿಂಬಾಗಿಲ ಅಗುಳಿ ತೆಗೆದವನು ಅವನೇ. ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, “ಬೇಗ ಸುರೀರಪ್ಪ” ಅಂದ.