ಕಿವಿ ತುದಿ ಕತ್ತರಿಸಿದ ಬೆಕ್ಕು

ಬಂಗಾರಪೇಟೆಯ ನನ್ನ ಬೂಸಾ ಅಂಗಡಿಗೆ ಹೋದ ವರ್ಷ ಚಾಂಪಿಯನ್ ರೀಫ್ಸ್‌ನ ಹುಡುಗಿಯೊಬ್ಬಳು ಎರಡು ತಂತಿ ಬೋನು ಹಿಡಿದು ಬಂದಳು. ಬೀದಿ ಬೆಕ್ಕುಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ಮತ್ತೆ ಅದೇ ಜಾಗಕ್ಕೆ ತಂದು ಬಿಡುತ್ತಾರಂತೆ. ಅದೂ ಪುಕ್ಕಟೆ. ಪುಕ್ಕಟೆ ಎಂದವರನ್ನು ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಿ, ಇದು ನನ್ನ ಸಲಹೆ.

ಅವಳ ಕಣ್ಣು ನನ್ನ ಗೋದಾಮಿನ ಕಂದು ಬೆಕ್ಕಿನ ಮೇಲಿತ್ತು. ನಾನೇನೂ ಸಾಕಿದ್ದಲ್ಲ. ಆದರೆ ಅದು ಹೋದರೆ ಮೂಟೆಗಳೆಲ್ಲ ಇಲಿ ಪಾಲು. ಹಾಗಂತ ಅದು ಹಾಕಿದ ಮರಿಗಳು ಲಾರಿ ಚಕ್ರಕ್ಕೆ ಸಿಗುವುದನ್ನು ನೋಡಿಯೂ ಸಾಕಾಗಿತ್ತು.

"ಒಂದು ಬೋನು ಇಲ್ಲೇ ಬಿಟ್ಟೋಗಮ್ಮ. ಬೆಕ್ಕು ಬಂದ್ಮೇಲೆ ಕೊಡ್ತೀನಿ."

"ಬೆಕ್ಕಿಗೂ ಅಡ ಇಟ್ಕೊಳ್ತೀರಾ ಅಣ್ಣಾ? ಬಲೇ ಗಟ್ಟಿ ನೀವು!"

ನಗುತ್ತಲೇ ಒಪ್ಪಿ, ಒಣಮೀನಿಟ್ಟು ಬೆಕ್ಕನ್ನು ಹಿಡಿದೊಯ್ದಳು.

ವಾಪಸೇನೋ ತಂದಳು. ನೋಡಿದರೆ ಎಡಗಿವಿಯ ತುದಿಯೇ ಇಲ್ಲ! ಅಂಗಡಿ ಇಡುವ ಮೊದಲು ನಾನು ಕ್ಯಾಸಂಬಳ್ಳಿ ಕಡೆ ಕುರಿ ವ್ಯಾಪಾರ ಮಾಡಿದವನು. ಕುರಿಯ ಕಿವಿ ಕೊಯ್ಯುವುದು ಇದು ನನ್ನದು ಎನ್ನುವುದಕ್ಕೆ.

"ಏನಮ್ಮಾ, ನನ್ ಬೆಕ್ಕಿಗೆ ನಿನ್ ಗುರ್ತಾ? ನಾಳೆ ಬಂದು ನಂದು ಅಂತ ಎತ್ಕೊಂಡೋಗಾಕಾ?"

"ಅಯ್ಯೋ, ಇದೇನು ಕುರೀನಾ ಅಣ್ಣಾ! ಆಪರೇಷನ್ ಆಗೈತೆ ಅನ್ನೋ ಗುರ್ತು ಅದು. ಇಲ್ದಿದ್ರೆ ಇನ್ಯಾರೋ ಇಡ್ಕೊಂಡೋಗಿ ಮತ್ತೆ ಒಟ್ಟೆ ಕುಯ್ತಾರೆ. ಮತ್ತಿನ್ ಸೂಜಿ ಕೊಟ್ಟಿದ್ದಾಗ್ಲೇ ಕತ್ತರಿಸಿದ್ದು, ನೋವಾಗಿಲ್ಲ."

ಮಾತು ಚೆನ್ನಾಗಿತ್ತು, ನಾನು ನಂಬಲಿಲ್ಲ. ಬೋನಿಗೆ ಟಾರ್ಚ್ ಬಿಟ್ಟು ಹೊಟ್ಟೆ ನೋಡಿದೆ. ಕೂದಲು ಬೋಳಿಸಿದ ಜಾಗದಲ್ಲಿ ಸಣ್ಣ ಗಾಯ, ಒಣಗಿತ್ತು. ಆಮೇಲೇ ಅಡ ಇಟ್ಟುಕೊಂಡಿದ್ದ ಅವಳ ಬೋನು ಕೊಟ್ಟದ್ದು. ನೀವೂ ಬರೀ ಕಿವಿ ನೋಡಿ ಒಪ್ಪಿಕೊಳ್ಳಬೇಡಿ.

ಬೆಕ್ಕಿದ್ದ ಬೋನಿನ ಬಾಗಿಲು ತೆಗೆದದ್ದೇ ತಡ, ಬೆಕ್ಕು ಕಾಂಪೌಂಡ್ ಹಾರಿ ಮಾಯವಾಯಿತು.

"ಬತ್ತೈತೆ ಬಿಡಿ ಅಣ್ಣಾ," ಎಂದು ಅವಳೂ ಹೊರಟಳು.

ಬರಲಿಲ್ಲ. ಮೂಟೆಗಳ ಸಂದಿಯಲ್ಲಿ ಕರಕರ ಶುರುವಾಯಿತು. ಕೈಯಲ್ಲಿದ್ದ ಬೋನನ್ನೂ ಕೊಟ್ಟು ಕೂತೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಒಂದು ಬೆಳಿಗ್ಗೆ ಷಟರ್ ಎತ್ತಿದರೆ ಬೆಕ್ಕು ಒಳಗೆ ಕೂತಿದೆ. ಓಡಿಹೋಗಿ ಎದುರಿನ ಹೋಟೆಲಿನಿಂದ ಹಾಲು ತಂದಿಟ್ಟೆ. ಬಾಯಿ ಹಾಕಲಿಲ್ಲ. ತಟ್ಟೆಯ ಹಿಂದಕ್ಕೆ ಹೋಗಿ ನೋಡಿತು, ಪಕ್ಕದ ಮೂಟೆ ಮೂಸಿತು, ನನ್ನನ್ನೂ ಮೇಲಿಂದ ಕೆಳಗೆ ಅಳೆಯಿತು. ಬೋನು ಗೀನು ಏನಿಲ್ಲ ಎಂದು ನಾನು ಎರಡೂ ಅಂಗೈ ಚಾಚಿ ತೋರಿಸಿ, ಬೀದಿಯವರೆಗೂ ಹಿಂದೆ ಸರಿದೆ. ಆಮೇಲೆ ಕುಡಿಯಿತು.