ಉಲ್ಕಾನಜ್ಜಿಯ ಅಳುಹಾಡು

ನರಿನ್ ಬೆಟ್ಟಸೀಮೆಯಲ್ಲಿ ಯಾರೇ ಸತ್ತರೂ ಮೊದಲು ಕುದುರೆ ಓಡುತ್ತಿದ್ದುದು ಮುಲ್ಲಾನ ಮನೆಗಲ್ಲ, ಉಲ್ಕಾನಜ್ಜಿಯ ಮನೆಗೆ. ಹೆಣವಿಡಲು ಅಂಗಳದಲ್ಲಿ ಎತ್ತುವ ಸಾವಿನ ಡೇರೆಯಲ್ಲಿ ಕಂಬಳಿಗೋಡೆಗೆ ಮುಖಮಾಡಿ ಕುಳಿತು ಆಕೆ ಅಳುಹಾಡು ಎತ್ತಿದರೆ ಸಾಕು, ಕುರಿಗಳ್ಳನೂ ಮಹಾವೀರನಾಗಿ ಸ್ವರ್ಗದ ಬಾಗಿಲು ಒದೆಯುತ್ತಿದ್ದ. ಮೊಮ್ಮಗಳು ಬುರುಲ್‌ಗೆ ಅದೇ ಸಂಗೀತಶಾಲೆ. ತಾಯಿ ರಷ್ಯಾಕ್ಕೆ ದುಡಿಯಲು ಹೋದವಳು ಅಲ್ಲೇ ಮಣ್ಣಾಗಿದ್ದಳು.

ಅಜ್ಜಿಗೆ ಒಂದೇ ಚಿಂತೆ. ಅಳುಹಾಡಿಲ್ಲದೆ ಹೋದದ್ದು ಅನಾಥ ಹೆಣ. ಊರಿಗೆಲ್ಲ ಅತ್ತವಳಿಗೆ ಅಳುವವರು ಯಾರು?

"ನನ್ನ ಹಾಡು ಈಗ್ಲೇ ಕಟ್ಟೇ. ಸತ್ಮೇಲೆ ತಪ್ಪು ತಿದ್ದೋಕೆ ನಾನಿರ್ತೀನಾ?"

ಬುರುಲ್ ಕಟ್ಟಿದಳು. ಅಜ್ಜಿ ಹಿಟ್ಟು ನಾದುತ್ತಲೇ ತಿದ್ದಿದಳು. "ಬೆಳ್ಳಿಕೂದಲು ಅನ್ನು, ಸಾಕು. ಹಲ್ಲಿಲ್ಲದ ಬಾಯಿ ಅಂದ್ಯೋ, ಎದ್ಬಂದು ಕಪಾಳಕ್ಕೆ ಬಿಡ್ತೀನಿ. ಇದು ನಂದು, ಬೇರೆಲ್ಲೂ ಹಾಡ್ಕೂಡ್ದು."

ರಾಜಧಾನಿ ಬಿಷ್ಕೆಕ್‌ನ ಟೀವಿ ಹಾಡಿನ ಸ್ಪರ್ಧೆಗೆ ಅಜ್ಜಿಯೇ ಕರಿದ ರೊಟ್ಟಿಯ ಗಂಟು ಕೊಟ್ಟು ವ್ಯಾನು ಹತ್ತಿಸಿದಳು. ಸುತ್ತು ಸುತ್ತಿಗೂ ಬುರುಲ್ ಎದುರಾಳಿಗಳನ್ನು ಧೂಳೀಪಟ ಮಾಡಿದಳು. ಕೊನೆಯ ಸುತ್ತಿನಲ್ಲಿ ತೀರ್ಪುಗಾರ ಕಪ್ಪುಕನ್ನಡಕ ಏರಿಸಿದ.

"ಗಂಟಲೇನೋ ಚೆನ್ನಾಗಿದೆಯಮ್ಮ. ಆದ್ರೆ ಇದನ್ನೆಲ್ಲ ಮದುವೆಮನೇಲಿ ಕೇಳಿದೀವಿ. ನಿನ್ನದೇ ಅಂತ ಏನೂ ಇಲ್ವಾ?"

ಇದ್ದದ್ದು ಒಂದೇ. ಹಾಡಿಬಿಟ್ಟಳು. ತೀರ್ಪುಗಾರ ಕನ್ನಡಕ ತೆಗೆದು ಅತ್ತ, ದೇಶವೇ ಅತ್ತಿತು. ಮೊಮ್ಮಗಳು ಅಳುಹಾಡು ಎತ್ತಿದ್ದಾಳೆಂದರೆ ಮುದುಕಿ ಹೋದಳೆಂದೇ ಲೆಕ್ಕ ಹಾಕಿ ಟೀವಿ ಮುಂದಿದ್ದ ಊರಿನವರು ಅಜ್ಜಿಯ ಮನೆಗೆ ಓಡಿದರು. ಗಂಡಸರು ಹೊಸಿಲಲ್ಲಿ ಗೊಳೋ ಎನ್ನುತ್ತಿರುವಾಗ ಹೆಣವೇ ಬಂದು ಬಾಗಿಲು ತೆಗೆಯಿತು.

"ಬಂದ್ರಾ? ಒಳಗೆ ಬನ್ನಿ, ಚಹಾ ಇಟ್ಟಿದೀನಿ."

ಗೆದ್ದ ಬುರುಲ್ ಹೆದರುತ್ತಲೇ ಫೋನು ಮಾಡಿದಳು. ಅಜ್ಜಿ ನಕ್ಕಳು. "ಸ್ವಂತ ಸಾವಿಗೆ ಚಪ್ಪಾಳೆ ಕೇಳಿಸ್ಕೊಂಡೋಳು ನಾನೊಬ್ಳೇ ಕಣೇ." ಆಮೇಲೆ ಮೆಲ್ಲಗೆ, "ನಂಗೆ ಬೇರೆ ಕಟ್ಕೊಡ್ತೀಯಲ್ವಾ?"

"ಬಂದ ತಕ್ಷಣ, ಅಜ್ಜಿ."

ಬರಲಾಗಲಿಲ್ಲ. ಮದುವೆಗೂ ಅದೇ ಹಾಡು ಬೇಕು, ಮಂತ್ರಿಯ ಹುಟ್ಟುಹಬ್ಬಕ್ಕೂ ಅದೇ. ಹಿಮ ಬಿದ್ದ ಒಂದು ಬೆಳಿಗ್ಗೆ ಬಂದಾಗ ಅಂಗಳದಲ್ಲಿ ಸಾವಿನ ಡೇರೆ ಎದ್ದಿತ್ತು. ಅಜ್ಜಿ ಪರದೆಯ ಹಿಂದೆ ಮಲಗಿದ್ದಳು.

ಬುರುಲ್ ಗೋಡೆಗೆ ಮುಖಮಾಡಿ ಕುಳಿತು ಬಾಯಿ ತೆರೆದಳು. ಹೊಸದು ಕಟ್ಟಿರಲಿಲ್ಲ. ಹಳೆಯದು ಗಂಟಲವರೆಗೆ ಬಂದು, ಮಂತ್ರಿಯ ಕೇಕು ನೆನಪಾಗಿ, ಅಲ್ಲೇ ನಿಂತಿತು. ಡೇರೆ ಕಾಯುತ್ತಿತ್ತು.

ಪಕ್ಕದಮನೆಯ ಕಲ್ಬುಬು ಮೊಬೈಲು ತೆಗೆದಳು. "ಪಾಪ, ಸುಸ್ತಾಗಿದಾಳೆ. ಟೀವೀದೇ ಹಾಕ್ತೀನಿ ಬಿಡಿ."

ಬುರುಲ್‌ಳ ದನಿ ಡೇರೆ ತುಂಬಿತು. ಒಳಗೆ ಹೆಂಗಸರು ಅತ್ತರು. ಹೊರಗೆ ಗಂಡಸರು ವಾಡಿಕೆಯಂತೆ ಕೋಲೂರಿ ನಿಂತು ಅತ್ತರು. ಹಾಡು ಮುಗಿದದ್ದೇ ಮೊಬೈಲಿನಿಂದ ಚಪ್ಪಾಳೆ ಸಿಡಿಯಿತು. ಕಲ್ಬುಬು ಅದನ್ನು ನಿಲ್ಲಿಸಲು ಗೊತ್ತಾಗದೆ ಶಾಲಿನೊಳಗೆ ಅದುಮಿಟ್ಟಳು. ಬುರುಲ್ ಗೋಡೆಯಿಂದ ಮುಖ ತಿರುಗಿಸಲಿಲ್ಲ.