ಎಡಗೈಯಲ್ಲಿ ಚಹಾದ ಬಸಿ

೧೯೭೯ರ ಫೆಬ್ರುವರಿ, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬೆಳಗಾವಿಯ ನಮ್ಮ ಕಾಲೇಜಿನ ಮನೋವಿಜ್ಞಾನದ ಪ್ರಯೋಗಶಾಲೆಯಲ್ಲಿ ಮೂವರಿದ್ದೆವು: ಮಾಸ್ತರರು, ಅವರ ವಿದ್ಯಾರ್ಥಿನಿಯಾದ ನಾನು, ಗುಂಜಿಯ ರೈಲ್ವೆ ಗ್ಯಾಂಗ್‌ಮನ್ ಒಬ್ಬ. ಮಾಸ್ತರರ ಬಲ ಹೆಬ್ಬೆರಳು ಜಡ್ಡುಗಟ್ಟಿ ಕಪ್ಪಾಗಿತ್ತು. ಸ್ಟಾಪ್‌ವಾಚಿನ ಗುಂಡಿ ಒತ್ತಿ ಒತ್ತಿ ಬಂದದ್ದು.

ಪ್ರತಿ ವರ್ಷ ಮೊದಲ ಪಾಠಕ್ಕೆ ಅವರು ಒಂದು ನಿಂಬೆಹಣ್ಣು ಎತ್ತಿ ಹಿಡಿಯುತ್ತಿದ್ದರು.

“ಏನ ಕಾಣತೈತಿ?”

“ನಿಂಬಿಹಣ್ಣ್ರೀ.”

“ತಪ್ಪು. ಹಳದಿ ಕಾಣತೈತಿ, ಗುಂಡಗ ಕಾಣತೈತಿ. ನಿಂಬಿಹಣ್ಣು ಅನ್ನೂದು ನಿನ್ನ ತಲಿಯಾಗಿಂದು. ಕಂಡದ್ದು ಮೊದಲ ಬರಿ, ಹೆಸರು ಆಮ್ಯಾಲ.”

“ಹಂಗಾದ್ರ ಸರ್, ನನ್ನ ಪೇಪರ್‌ದಾಗ ನಾಪಾಸು ಅನಬಾರದು, ಕೆಂಪು ಅನಬೇಕೇನ್ರಿ?” ಎಂದ ಹಿಂದಿನ ಬೆಂಚಿನವ.

“ನಿನಗ ಅದರ ರೂಢಿ ಐತಿ ಬಿಡು.”

ನೂರು ವರ್ಷದ ಹಿಂದೆ ಜರ್ಮನಿಯ ಒಂದು ಪ್ರಯೋಗಶಾಲೆಯಲ್ಲಿ ಮನಸ್ಸಿಗೆ ಗಡಿಯಾರ ಹಿಡಿದರು, ತತ್ತ್ವಜ್ಞಾನಿಗಳ ಮಾತಾಗಿದ್ದದ್ದು ಅಲ್ಲಿಂದ ವಿಜ್ಞಾನವಾಯಿತು ಎಂದು ಹೇಳುತ್ತಿದ್ದರು. ತಮ್ಮೊಳಗೆ ತಾವೇ ನೋಡಿಕೊಂಡು ವರದಿ ಮಾಡುವ ಆ ಜರ್ಮನರ ಪದ್ಧತಿಯನ್ನು ಮುಂದಿನವರು ಕೈಬಿಟ್ಟರು. ಒಬ್ಬರ ವರದಿ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. “ಪದ್ಧತಿ ಹೋತು, ಹೋಗಲಿ. ಶಿಸ್ತು ಯಾಕ ಹೋಗಬೇಕು?” ಎನ್ನುತ್ತಿದ್ದರು ಮಾಸ್ತರರು.

ಹಿಂದಿನ ವಾರ ಈ ಗ್ಯಾಂಗ್‌ಮನ್ ಬಂದು, ಹೆಂಡತಿ ಮಂಕಾಗಿದ್ದಾಳೆ, ನೋಡಿ ಎಂದು ಬೇಡಿಕೊಂಡಿದ್ದ. ಶನಿವಾರ ಗುಂಜಿಗೆ ಹೋದೆವು. ಅವನು ಹಳಿಯ ಕೆಲಸಕ್ಕೆ ಹೋಗಿದ್ದ. ಆಕೆ ಗಂಡಸರ ಮುಂದೆ ಬರಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕುಳಿತರು, ನಾನು ಒಳಗೆ ಹೋದೆ. ಧಾರವಾಡದ ಅವರಿಗೆ ಮರಾಠಿ ಬಾರದು. ನಾನು ಬೆಳಗಾವಿಯ ಅನಗೋಳದವಳು, ಬರುತ್ತದೆಂದು ಜಂಬ.

ಆಕೆಯ ಅತ್ತೆ ಮರಾಠಿಯಲ್ಲಿ ಹೇಳಿದಳು: “ಅಂಗಾವರ್ನ ವಾರಂ ಗೇಲಂ.”

ವಾರಂ ಎಂದರೆ ಗಾಳಿ. ನಾನು ಬರೆದುಕೊಂಡೆ: ಮೈಮೇಲೆ ಗಾಳಿ ಬರುತ್ತದೆ. ಸೊಸೆ ಚಹಾದ ಬಸಿಯನ್ನು, ಆ ಪುಟ್ಟ ತಟ್ಟೆಯನ್ನು, ಎಡಗೈಯಲ್ಲಿ ಹಿಡಿದಿದ್ದಳು. ಕಂಡೆ. ಬರೆಯಲಿಲ್ಲ.

ಮಾಸ್ತರರು ಓದಿ, “ದೇವ್ರು ಬರೂದೇನು? ಅವಸರ ಇಲ್ಲ. ಸೋಮವಾರ ಕರಕೊಂಡ ಬರಾಕ ಹೇಳು,” ಎಂದರು. ಅತ್ತೆಗೆ ಹೇಳಿದೆ.

ಸೋಮವಾರ ಅವನೊಬ್ಬನೇ ಬಂದ. “ನಿನ್ನಿ ಹೋದ್ಲ್ರಿ. ಲಕ್ವಾ ಹೊಡದೈತಿ ಅಂತ ನಮ್ಮವ್ವ ಹೇಳಿದ್ಲಲ್ರಿ?”

ಮರಾಠಿಯಲ್ಲಿ ಗಾಳಿ ಮೈಯೊಳಗೆ ಬಂದರೆ ದೇವರು; ಮೈಮೇಲಿಂದ ಹೋದರೆ ಲಕ್ವಾ, ಪಾರ್ಶ್ವವಾಯು. ಮುದುಕಿ ಹೇಳಿದ್ದು ಎರಡನೆಯದು.

ಮಾಸ್ತರರು ನನ್ನತ್ತ ತಿರುಗಿದರು. “ಬಲಗೈ ಹೆಂಗಿತ್ತು?”

“ಬಸಿ ಎಡಗೈಯಾಗ ಹಿಡದಿದ್ಲ್ರಿ.”

“ನೋಡಿದ್ದಿ?”

“ನೋಡಿದ್ದೆ ರೀ.”

ಅವರು ಎದ್ದು ಅವನಿಗೆ ಕೈಮುಗಿದರು. “ತಪ್ಪು ನಂದಪ್ಪಾ. ದವಾಖಾನಿಗೆ ಒಯ್ಯಿರಿ ಅನ್ನೂದ ಬಿಟ್ಟು ಸೋಮವಾರ ಬರ್ರಿ ಅಂದೆ.”

“ಒಯ್ದಿದ್ರ ಬದುಕತಿದ್ಲೇನ್ರಿ?”

“ಗೊತ್ತಿಲ್ಲ.”

ಅವನು ಹೊರಟುಹೋದ.

ಮುಂದೆ ಪ್ರತಿ ವರ್ಷ ನಿಂಬೆಹಣ್ಣಿನ ಪಾಠದ ನಂತರ ಅವರು ಗುಂಜಿಯಲ್ಲಿ ನಾನು ಬರೆದ ಪುಟವನ್ನು ಓದಿದರು, ನನ್ನ ಹೆಸರು ಬಿಟ್ಟು, ತಮ್ಮ ತಪ್ಪೆಂದು. ೧೯೮೬ರಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ರೋಗಿಗಳ ಮಾತು ಬರೆದುಕೊಳ್ಳುವುದೇ ನನ್ನ ನೌಕರಿಯಾಯಿತು. ಒಂದು ದಿನವೂ ರೋಗದ ಹೆಸರನ್ನು ಮೊದಲು ಬರೆಯಲಿಲ್ಲ.

ಆ ಸೋಮವಾರ, ಅವನು ಹೋದ ಮೇಲೆ, ಮಾಸ್ತರರು ನೋಟುಬುಕ್ಕನ್ನು ನನ್ನ ಮುಂದೆ ಸರಿಸಿದರು. “ಅಳಿಸಬ್ಯಾಡ. ಒಂದ ಗೆರಿ ಹೊಡಿ. ತಪ್ಪು ಓದಾಕ ಬರಬೇಕು.”

ಗೆರೆ ಹೊಡೆದೆ. ಕೆಳಗೆ ಬರೆದೆ: ಬಸಿ ಎಡಗೈಯಲ್ಲಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು.

ಅವರು ಸ್ಟಾಪ್‌ವಾಚನ್ನು ಕಪಾಟಿನಲ್ಲಿಟ್ಟು, ಪುಟದ ತುದಿಗೆ ವೇಳೆ ಬರೆದು ಸಹಿ ಮಾಡಿದರು.